ನಿನ್ನ ಗಂಟೇನು ಹೋಯಿತು?

2025ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8ನೇ ತಾರೀಖು ಬಂದಿತ್ತು. ಹಬ್ಬಕ್ಕೆ ಇನ್ನು ಮೂರು ನಾಲ್ಕು ದಿನವಿರುವಾಗ ಬೆಳ್ಳಿಯ ಕಲಶ, ಕುಂಕುಮದ ಭರಣಿ, ಅತ್ತೆಯವರ ಕಾಲದ ಜೋಡಿ ದೀಪಗಳನ್ನೆಲ್ಲ ಹರವಿಕೊಂಡು ವಿಭೂತಿ ಹಾಕಿ ಉಜ್ಜುತ್ತಾ ಕೂತಿದ್ದೆ. ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದ ಮಗಳು ಎದುರಿಗೆ ಕೂತು ಹುಣಸೆಹಣ್ಣಿನಲ್ಲಿ ಹಿತ್ತಾಳೆಯ ತಟ್ಟೆ ತಿಕ್ಕುತ್ತಿದ್ದವಳು, ಮೊಬೈಲ್ ನೋಡಿ, ತಟ್ಟೆಯನ್ನು ಕೆಳಗಿಟ್ಟು ಸುಮ್ಮನಾಗಿಬಿಟ್ಟಳು. ಮುಖ ನೋಡಿದರೆ ಕಣ್ಣು ತುಂಬಿದೆ. ನನ್ನ ಎದೆ ಧಸಕ್ಕೆಂದಿತು. ಮೂವತ್ತು ದಾಟಿದ ಮಗಳು ಅಳುತ್ತಾಳೆಂದರೆ ತಾಯಿಯ ಮನಸ್ಸು ಎಲ್ಲೆಲ್ಲಿಗೆ ಓಡುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

"ಏನಾಯ್ತೇ?"

"ಬೆಂಗಳೂರು ಎಫ್‌ಸಿಯವರು ಆಟಗಾರರ ಸಂಬಳ ನಿಲ್ಲಿಸಿದಾರಮ್ಮ. ಈ ವರ್ಷ ಲೀಗ್ ನಡೆಯುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ."

ನನಗೆ ಸಮಾಧಾನವೂ ಸಿಟ್ಟೂ ಒಟ್ಟಿಗೇ ಬಂದವು. "ಅಯ್ಯೋ, ಅದಕ್ಕಾ? ಅವರ ಸಂಬಳ ನಿಂತರೆ ನಿನ್ನ ಗಂಟೇನು ಹೋಯ್ತೇ?" ಎಂದೆ.

ಅವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಮತ್ತೆ ತಟ್ಟೆ ಕೈಗೆತ್ತಿಕೊಂಡು, "ಆ ಸಂಗೀತದ ಚಪ್ಪರದಲ್ಲಿ ನಿನಗೂ ಹೀಗೇ ಅಂದಿದ್ರು ಅಲ್ವಾ?" ಎಂದಳು.

ಬೆಳ್ಳಿ ಉಜ್ಜುವ ನನ್ನ ಕೈ ನಿಂತಿತು. ಆ ಚಪ್ಪರದ ಕಥೆಗೆ ಆಮೇಲೆ ಬರುತ್ತೇನೆ.

ನಮ್ಮ ಮನೆ ಚಾಮರಾಜಪುರಂ ರೈಲು ನಿಲ್ದಾಣಕ್ಕೆ ಕೂಗಳತೆಯ ದೂರ. ನಂಜನಗೂಡಿನ ಕಡೆಯ ರೈಲಿನ ಸದ್ದು ಕೇಳಿಕೊಂಡೇ ಹಾಲು ಕಾಯಿಸುವವರು ನಾವು. ನಮ್ಮ ಬೀದಿಯ ಮಾತೆಂದರೆ ಸಂಗೀತ, ಮಕ್ಕಳ ಓದು, ಬಹಳವೆಂದರೆ ಕ್ರಿಕೆಟ್ಟು. ಫುಟ್‌ಬಾಲ್ ಎಂದರೆ ನನಗೆ ನೆನಪಿದ್ದದ್ದು ಒಂದೇ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅಪ್ಪ ಪತ್ರಿಕೆ ಮಡಿಸಿಟ್ಟು, "ಬಂಗಾಳದವರನ್ನು ಮೈಸೂರು ಸೋಲಿಸಿತು" ಎಂದು ಹೆಮ್ಮೆಯಿಂದ ಹೇಳಿದ್ದರು. ಅದು 1968–69ರ ಸಂತೋಷ್ ಟ್ರೋಫಿ. ನಾನು ಗೆದ್ದವರು ನಮ್ಮ ಊರಿನ ಹುಡುಗರೆಂದೇ ತಿಳಿದು ಸ್ಕೂಲಿನಲ್ಲೆಲ್ಲ ಸಾರಿಕೊಂಡು ಬಂದೆ. ಆಗ ನಮ್ಮ ರಾಜ್ಯಕ್ಕೇ ಮೈಸೂರು ಎಂದು ಹೆಸರೆಂಬುದು ನನಗೆ ಹೊಳೆದಿರಲಿಲ್ಲ. ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ. ಆ ಹೆಸರಿನಲ್ಲಿ ನಮ್ಮವರು ಸಂತೋಷ್ ಟ್ರೋಫಿ ಗೆಲ್ಲಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದರು. ಅಪ್ಪ ಅಷ್ಟು ಹೊತ್ತಿಗೆ ಇರಲಿಲ್ಲ.

ಮಗಳಿಗೆ ಈ ಹುಚ್ಚು ಹಿಡಿದದ್ದು 2013ರಲ್ಲಿ, ಅವಳು ಬೆಂಗಳೂರಿಗೆ ಓದಲು ಹೋದಾಗ. ಅದೇ ವರ್ಷ ಬೆಂಗಳೂರು ಎಫ್‌ಸಿ ಎಂಬ ತಂಡ ಹುಟ್ಟಿತು, ಮೊದಲ ವರ್ಷವೇ ಐ–ಲೀಗ್ ಗೆದ್ದಿತು. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡಿ ಕೂಗುತ್ತಿದ್ದವರು ತಮ್ಮ ಗುಂಪಿಗೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಿಟ್ಟುಕೊಂಡರು. ಆಮೇಲೆ ತಂಡ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಗುಂಪಿನವರು ಮಾತ್ರ ತವರಿನ ಹೆಸರು ಬಿಡದ ಹೆಣ್ಣುಮಗಳ ಹಾಗೆ ಹಳೆಯ ಗ್ಯಾಲರಿಯ ಹೆಸರನ್ನೇ ಇಟ್ಟುಕೊಂಡರು. ನನ್ನ ಮಗಳು ನೀಲಿ ಅಂಗಿ ತೊಟ್ಟು ಅವರ ನಡುವೆ ಗಂಟಲು ಹರಿದುಕೊಂಡು ಬರುವಳು. ಭಾನುವಾರ ಫೋನು ಮಾಡಿದರೆ ದನಿಯೇ ಇರದು. ನಾನು ಮೆಣಸಿನ ಕಷಾಯ ಹೇಳಿಕೊಡುವೆ. ಅಷ್ಟೇ ನನಗೂ ಫುಟ್‌ಬಾಲಿಗೂ ಇದ್ದ ನಂಟು.

ಈಗ ಚಪ್ಪರದ ಕಥೆ. ಬಹಳ ವರ್ಷಗಳ ಹಿಂದಿನ ಮಾತು, ಯಾವ ಸಭೆ, ಯಾರು ಎಂದು ಹೇಳುವುದಿಲ್ಲ. ರಾಮನವಮಿಯ ಸಂಗೀತವೆಂದರೆ ಮೈಸೂರಿನವರಿಗೆ ಎಷ್ಟು ಹತ್ತಿರವೆಂಬುದು ನಿಮಗೆ ಗೊತ್ತು. ನಾನು ಮದುವೆಯಾಗಿ ಬಂದಾಗಿನಿಂದ ರಾತ್ರಿಯ ಅಡುಗೆಯನ್ನು ಸಂಜೆ ಐದಕ್ಕೇ ಮುಗಿಸಿ ಆ ಚಪ್ಪರಕ್ಕೆ ಹೋಗುತ್ತಿದ್ದೆ. ಒಂದು ವರ್ಷ ಹೋಗಿ ನೋಡಿದರೆ ಮುಂದಿನ ಐದು ಸಾಲು ಚಂದಾ ಕೊಟ್ಟ ದೊಡ್ಡವರಿಗೆ ಮೀಸಲು. ಹೆಂಗಸರ ಕುರ್ಚಿಗಳೆಲ್ಲ ಪಕ್ಕಕ್ಕೆ, ಜನರೇಟರಿನ ಹತ್ತಿರಕ್ಕೆ ಹೋಗಿದ್ದವು. ತಂಬೂರಿಯ ಶ್ರುತಿಗಿಂತ ಡೀಸೆಲಿನ ಶ್ರುತಿಯೇ ಜೋರು. ಮಂಡಿನೋವಿನ ಮುದುಕಿಯರು ಕುರ್ಚಿ ಸಾಲದೆ ಚಾಪೆಯ ಮೇಲೆ ಕೂತಿದ್ದರು. ನಾನು ಕಾರ್ಯದರ್ಶಿಯವರ ಬಳಿ ಹೋಗಿ ಯಾಕೆ ಹೀಗೆ ಮಾಡಿದಿರಿ ಎಂದೆ. ಅವರು ನಗುತ್ತಲೇ, "ನಿಮ್ಮ ಗಂಟೇನು ಹೋಯ್ತಮ್ಮ, ಟಿಕೀಟಿಲ್ಲ, ಏನಿಲ್ಲ. ಕೇಳೋಕೆ ಬಂದಿದೀರಿ, ಕೇಳಿಕೊಂಡು ಹೋಗಿ" ಎಂದರು.

ಆ ರಾತ್ರಿಯೇ ಎದ್ದು ಬಂದೆ. ಇನ್ನು ಆ ಚಪ್ಪರದ ಮೆಟ್ಟಿಲು ಹತ್ತುವುದಿಲ್ಲವೆಂದು ಶಪಥ ಮಾಡಿದೆ. ಎಷ್ಟು ಜನಕ್ಕೆ ಹೇಳಿಕೊಂಡೆನೋ! ಹೇಳಿದಾಗಲೆಲ್ಲ ನನ್ನ ಸ್ವಾಭಿಮಾನ ಒಂದು ಗೇಣು ಬೆಳೆದಂತೆ ಅನ್ನಿಸುತ್ತಿತ್ತು. ಆದರೆ ಮಾರನೆಯ ವರ್ಷ ನಾನು ಬಂದಿಲ್ಲವೆಂದು ಅಲ್ಲಿ ಒಂದು ನರಪಿಳ್ಳೆಗೂ ತಿಳಿಯಲಿಲ್ಲ. ಜನರೇಟರು ಅಲ್ಲೇ ಇತ್ತು, ಮುದುಕಿಯರು ಚಾಪೆಯ ಮೇಲೇ ಇದ್ದರು.

ನಮ್ಮ ಹಿಂದಿನ ಬೀದಿಯ ಒಬ್ಬ ಟೀಚರು ನನ್ನ ಹಾಗೆ ಕೋಪಿಸಿಕೊಂಡು ಬರಲಿಲ್ಲ. ಸಭೆಯ ನಿಯಮ ಏನೆಂದು ವಿಚಾರಿಸಿ, ವರ್ಷದ ಚಂದಾ ಕಟ್ಟಿ ಸದಸ್ಯರಾದರು. ಇನ್ನೂ ಏಳೆಂಟು ಹೆಂಗಸರ ಕೈಯಲ್ಲಿ ಕಟ್ಟಿಸಿದರು. ವಾರ್ಷಿಕ ಸಭೆಗೆ ಹೋಗಿ, ಕುರ್ಚಿಯ ಬಾಡಿಗೆ ಎಷ್ಟು, ಎಷ್ಟು ಕುರ್ಚಿ ತರಿಸಿದಿರಿ ಎಂದು ಲೆಕ್ಕ ಕೇಳಿದರು. ಮೊದಲ ವರ್ಷ ನಕ್ಕರಂತೆ. ಎರಡನೆಯ ವರ್ಷ ರೇಗಿದರಂತೆ. ಮೂರನೆಯ ವರ್ಷ ಜನರೇಟರು ಹಿಂದಿನ ಓಣಿಗೆ ಹೋಯಿತು, ಹೆಂಗಸರ ಕುರ್ಚಿಗಳು ಮುಂದಕ್ಕೆ ಬಂದವು, ಸಮಿತಿಯಲ್ಲಿ ಇಬ್ಬರು ಹೆಂಗಸರ ಹೆಸರು ಅಚ್ಚಾಯಿತು. ಆ ವರ್ಷ ಅವರೇ ಮನೆಗೆ ಬಂದು ನನ್ನನ್ನು ಕರೆದುಕೊಂಡು ಹೋದರು. ಅವರು ಗಳಿಸಿದ ಕುರ್ಚಿಯಲ್ಲಿ ಕೂತು ನಾನು ತಲೆದೂಗಿದೆ. ನನ್ನ ಶಪಥದಿಂದ ಯಾರಿಗೆ ಏನು ದಕ್ಕಿತು ಎಂಬ ಪ್ರಶ್ನೆ ಅಂದು ಕಚ್ಚಿದ್ದು ಇನ್ನೂ ಬಿಟ್ಟಿಲ್ಲ. ಇದನ್ನು ಬಲ್ಲ ನಾನೇ ಮಗಳಿಗೆ ಆ ಕಾರ್ಯದರ್ಶಿಯ ಮಾತನ್ನು ತಿರುಗಿ ಆಡಿದ್ದೆ.

ಅಂದು ರಾತ್ರಿ ಮಗಳ ಪಕ್ಕ ಕೂತು, "ಏನಾಗಿದೆ ಸರಿಯಾಗಿ ಹೇಳು" ಎಂದೆ. ಅವಳು ಹೇಳಿದ್ದು ಇಷ್ಟು. ಇಂಡಿಯನ್ ಸೂಪರ್ ಲೀಗ್ ನಡೆಸುವ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ 2010ರಲ್ಲಿ 15 ವರ್ಷಕ್ಕೆ ಒಪ್ಪಂದವಾಗಿತ್ತು. ಅದು 2025ರ ಡಿಸೆಂಬರಿಗೆ ಮುಗಿಯುವುದು ಎಲ್ಲರಿಗೂ ಮೊದಲೇ ತಿಳಿದ ಸಂಗತಿ. ಆದರೂ ಮುಂದೇನೆಂದು ತೀರ್ಮಾನವಾಗಲಿಲ್ಲ. ಜುಲೈಯಲ್ಲಿ ಕಂಪನಿ ಲೀಗನ್ನು ತಡೆಹಿಡಿದಿದ್ದೇವೆ ಎಂದಿತು. ಆಗಸ್ಟ್ ಮೊದಲ ವಾರ ಬೆಂಗಳೂರಿನ ತಂಡ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಮನೆಯ ಹಿರಿಯರು ಪಾಲಿನ ಪತ್ರ ಬರೆಯದೆ ಕಾಲ ತಳ್ಳಿದರೆ ಒಲೆ ಆರುವುದು ಯಾರ ಮನೆಯಲ್ಲಿ? ಹಾಗಾಯಿತು. ಹುಲ್ಲು ಕತ್ತರಿಸುವವನಿಂದ ಹಿಡಿದು ಬಸ್ಸು ನಡೆಸುವವನವರೆಗೆ ಎಲ್ಲರೂ ಇದರಲ್ಲಿ ಸಿಕ್ಕಿಕೊಂಡರು.

"ಇದರಲ್ಲಿ ನಿಮ್ಮನ್ನು ಯಾರಾದರೂ ಒಂದು ಮಾತು ಕೇಳಿದರಾ?" ಎಂದೆ.

"ನಮ್ಮನ್ನಾ? ನಮ್ಮನ್ನು ಕೇಳೋದು ಟಿಕೀಟು ಮಾರುವಾಗ ಮಾತ್ರ" ಎಂದಳು.

ಅದು ಪೂರ್ತಿ ಸುಳ್ಳಲ್ಲ. 2018ರ ಜೂನಿನಲ್ಲಿ ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು ಐದು ಗೋಲುಗಳಿಂದ ಸೋಲಿಸಿದಾಗ ನೋಡಲು ಬಂದಿದ್ದವರು ಮೂರು ಸಾವಿರವೂ ಇಲ್ಲ. ಬೆಂಗಳೂರು ತಂಡದ, ಭಾರತದ ನಾಯಕ ಸುನಿಲ್ ಛೆಟ್ರಿ ಮಾರನೆಯ ದಿನ ಜನರಿಗೆ ಕೈಮುಗಿದು ಒಂದು ವಿಡಿಯೊ ಮಾಡಿದ. ಬೈಯುವುದಾದರೂ ಬನ್ನಿ, ಟೀಕಿಸುವುದಾದರೂ ಬನ್ನಿ, ಬಂದು ನೋಡಿ ಎಂಬುದು ಅವನ ಮಾತಿನ ಸಾರ. ಜೂನ್ 4ರಂದು ಕೀನ್ಯಾದ ಮೇಲೆ ನಡೆದ ಅವನ ನೂರನೆಯ ಪಂದ್ಯಕ್ಕೆ ಟಿಕೀಟೆಲ್ಲ ಖರ್ಚಾದವು. ನೋಡುವವರಿಲ್ಲದ ಆಟ ಅರ್ಧ ಆಟವೆಂದು ಆಡುವವನೇ ಒಪ್ಪಿಕೊಂಡ ಹಾಗಾಯಿತು. ಕೊರೊನಾ ಕಾಲದಲ್ಲಿ ಇಂಗ್ಲೆಂಡಿನ ಖಾಲಿ ಕ್ರೀಡಾಂಗಣಗಳ ಪಂದ್ಯವನ್ನು ಟೀವಿಯಲ್ಲಿ ತೋರಿಸುವಾಗ ಎಂದೋ ಮುದ್ರಿಸಿಟ್ಟ ಜನರ ಕೂಗನ್ನು ಸೇರಿಸುತ್ತಿದ್ದರು. ಬಂಧುಬಳಗವಿಲ್ಲದ ಮದುವೆಮನೆಯಲ್ಲಿ ಕ್ಯಾಸೆಟ್ಟಿನ ವಾಲಗ ಹಾಕಿದಂತೆ!

ಅಂದಮೇಲೆ ಆ ಅರ್ಧಕ್ಕೆ ಒಂದು ಮಾತಿನ ಹಕ್ಕಾದರೂ ಬೇಡವೇ?

ಹೊರಗೆ ಹೇಗಿದೆಯೆಂದು ಮಗಳು ಹೇಳುತ್ತಾ ಹೋದಳು. ಜರ್ಮನಿಯಲ್ಲಿ 1998ರಿಂದ ಒಂದು ನಿಯಮವಿದೆ. ಕ್ಲಬ್ಬಿಗೆ ಎಷ್ಟೇ ದೊಡ್ಡ ಸಾಹುಕಾರ ಹಣ ಹಾಕಲಿ, ಅರ್ಧಕ್ಕಿಂತ ಒಂದು ಮತ ಹೆಚ್ಚಾಗಿ ಸದಸ್ಯರ ಬಳಿಯೇ ಇರಬೇಕು. ಒಂದೆರಡು ಕ್ಲಬ್ಬಿಗೆ ಮಾತ್ರ ವಿನಾಯಿತಿ. ಆ ಸದಸ್ಯರೆಂದರೆ ಚಂದಾ ಕಟ್ಟಿದ ನನ್ನ ನಿಮ್ಮಂಥವರು. ಅಲ್ಲಿಯ ಲೀಗಿನವರು ಟೀವಿ ಹಕ್ಕಿನ ಆದಾಯದಲ್ಲಿ ಒಂದು ಪಾಲನ್ನು ಹೊರಗಿನ ಬಂಡವಾಳದವರಿಗೆ ಮಾರಲು ಹೊರಟಾಗ, ಅಭಿಮಾನಿಗಳು ಪಂದ್ಯಕ್ಕೆ ಬಂದು ಕೂತೇ ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದರು. ಆಟ ನಿಲ್ಲುವುದು, ಹೆಕ್ಕುವುದು, ಮತ್ತೆ ಎಸೆಯುವುದು. ಹೀಗೆ ವಾರಗಟ್ಟಲೆ ನಡೆದು 2024ರ ಫೆಬ್ರುವರಿಯಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ದೊಡ್ಡ ಕ್ಲಬ್ಬುಗಳು ತಮ್ಮದೇ ಬೇರೆ ಪಂಕ್ತಿ ಹಾಕಿಕೊಳ್ಳುತ್ತೇವೆಂದು ಸೂಪರ್ ಲೀಗ್ ಘೋಷಿಸಿದವು. ಲಂಡನ್ನಿನಲ್ಲಿ ಜನ ಬೀದಿಗಿಳಿದರು. ಎರಡು ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಆಮೇಲೆ ಟ್ರೇಸಿ ಕ್ರೌಚ್ ಎಂಬ ಮಹಿಳಾ ಸಂಸದೆ ಅಭಿಮಾನಿಗಳ ಅಹವಾಲು ಕೇಳಿ ಸರ್ಕಾರಕ್ಕೆ ವರದಿ ಕೊಟ್ಟರು. 2025ರ ಜುಲೈಯಲ್ಲಿ ಅದು ಕಾನೂನಾಯಿತು. ತವರು ಮೈದಾನ ಮಾರುವುದು, ಲಾಂಛನ ಬದಲಿಸುವುದು, ಅಂಗಿಯ ಬಣ್ಣ ಬದಲಿಸುವುದು, ಇವನ್ನೆಲ್ಲ ಮಾಲೀಕರು ಇನ್ನು ತಮ್ಮಿಷ್ಟಕ್ಕೆ ಮಾಡುವಂತಿಲ್ಲ. ನಮ್ಮ ಪಕ್ಕದ ಕೇರಳದಲ್ಲೂ ಮಂಜಪ್ಪಡ ಎಂಬ ಅಭಿಮಾನಿಗಳ ಬಳಗ 2024ರ ಕೊನೆಯಲ್ಲಿ ಆಡಳಿತದ ಮೇಲೆ ಮುನಿದು ಟಿಕೀಟು ಮಾರಾಟದಿಂದ ಕೈತೆಗೆಯಿತು. 2025ರಲ್ಲಿ ಆ ಕ್ಲಬ್ಬು ಅಭಿಮಾನಿಗಳದೊಂದು ಸಲಹಾ ಮಂಡಳಿಗೆ ಮುಂದಾಯಿತು.

ನನ್ನನ್ನು ಹೆಚ್ಚು ಕಲಕಿದ್ದು ಇರಾನಿನ ಕಥೆ. ಅಲ್ಲಿ ದಶಕಗಳ ಕಾಲ ಹೆಂಗಸರಿಗೆ ಗಂಡಸರ ಫುಟ್‌ಬಾಲ್ ನೋಡಲು ಕ್ರೀಡಾಂಗಣದೊಳಕ್ಕೆ ಪ್ರವೇಶವೇ ಇರಲಿಲ್ಲ. ಸಹರ್ ಖೋದಯಾರಿ ಎಂಬ ಹುಡುಗಿ 2019ರಲ್ಲಿ ಗಂಡಸಿನ ವೇಷ ಹಾಕಿಕೊಂಡು ಹೋಗಿ ಸಿಕ್ಕಿಬಿದ್ದಳು. ಜೈಲಾಗಬಹುದೆಂದು ತಿಳಿದು ನ್ಯಾಯಾಲಯದ ಮುಂದೆ ಬೆಂಕಿ ಹಚ್ಚಿಕೊಂಡಳು, ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಅವಳ ಮೆಚ್ಚಿನ ತಂಡದ ಬಣ್ಣ ನೀಲಿ; ಲೋಕವೆಲ್ಲ ಅವಳನ್ನು ನೀಲಿ ಹುಡುಗಿ ಎಂದಿತು. ವರ್ಷಗಳಿಂದ ಬಾಗಿಲು ತಟ್ಟುತ್ತಿದ್ದ ಇರಾನಿನ ಹೆಂಗಸರ ಕೂಗು ಆಗ ಫಿಫಾದವರ ಕಿವಿಗೆ ಬಿತ್ತು. ಅಕ್ಟೋಬರ್ 10ರಂದು ಟೆಹರಾನಿನ ಆಜಾದಿ ಕ್ರೀಡಾಂಗಣದಲ್ಲಿ ಸಾವಿರಾರು ಹೆಂಗಸರು ಟಿಕೀಟು ಕೊಂಡು ಕೂತು ಇರಾನ್–ಕಾಂಬೋಡಿಯಾ ಪಂದ್ಯ ನೋಡಿದರು. ಅವರಿಗೆ ಕೊಟ್ಟದ್ದು ಒಂದು ಮೂಲೆಯಷ್ಟೇ ಜಾಗ, ನಿಜ. ಬಾಗಿಲಿನ ಮೊಳೆ ಒಂದಾದರೂ ಕಿತ್ತಿತು. ಆದರೆ ಆಟ ನೋಡುವ ಆಸೆಗೆ ಒಂದು ಜೀವ ಹೋಗಬೇಕಾಗಿ ಬಂದ ಗೆಲುವನ್ನು ನಾನು ಹೇಗೆ ಗೆಲುವೆನ್ನಲಿ? ಮೊಳೆ ಕೀಳುವ ಕೈಗಳು ಬಹಳ ಇರಬೇಕು, ಒಬ್ಬಳೇ ಉರಿದುಹೋಗಬಾರದು. ಮಗಳ ನೀಲಿ ಅಂಗಿ ಒಗೆದು ಹಗ್ಗಕ್ಕೆ ಹಾಕಿದಾಗಲೆಲ್ಲ ಈಗ ಆ ಹುಡುಗಿಯ ನೆನಪಾಗುತ್ತದೆ.

ನಮ್ಮಲ್ಲಿ ಏನೂ ಆಗಿಲ್ಲವೆಂದಲ್ಲ. ಕ್ರೀಡಾ ಸಂಸ್ಥೆಗಳ ಆಡಳಿತ ಸರಿಯಿಲ್ಲವೆಂದು ದೆಹಲಿಯ ವಕೀಲ ರಾಹುಲ್ ಮೆಹ್ರಾ ಹೈಕೋರ್ಟಿಗೆ ಹೋದರು. ಅವರು ಆಟಗಾರರಲ್ಲ, ಪದಾಧಿಕಾರಿಯೂ ಅಲ್ಲ, ಆಟ ಮೆಚ್ಚುವ ಒಬ್ಬ ಪ್ರಜೆ. 2017ರಲ್ಲಿ ಫುಟ್‌ಬಾಲ್ ಫೆಡರೇಷನ್ನಿನ ಚುನಾವಣೆಯನ್ನೇ ಹೈಕೋರ್ಟು ರದ್ದು ಮಾಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಮೇಯಲ್ಲಿ ಆಡಳಿತ ನ್ಯಾಯಾಲಯದ ಸಮಿತಿಯ ಕೈಗೆ ಬಂತು. ಹೊರಗಿನವರು ಕೈಹಾಕಿದರೆಂದು ಫಿಫಾ ಆಗಸ್ಟ್ 15ರಂದು ಭಾರತವನ್ನೇ ಅಮಾನತು ಮಾಡಿತು, 26ರಂದು ಹಿಂತೆಗೆದುಕೊಂಡಿತು. ಆ ಹನ್ನೊಂದು ದಿನದಲ್ಲಿ ಯಾರ ಗಂಟು ಹೋಯಿತು ಗೊತ್ತೇ? ಗೋಕುಲಂ ಕೇರಳದ ಹೆಣ್ಣುಮಕ್ಕಳ ತಂಡ ಏಷ್ಯಾದ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟಿಗೆ ಹೋಗಿ ಇಳಿದಿತ್ತು. ಆಡುವಂತಿಲ್ಲವೆಂಬ ಸುದ್ದಿ ಅಲ್ಲಿ ಸಿಕ್ಕಿತು. ಒಂದು ಪಂದ್ಯವನ್ನೂ ಆಡದೆ ಮಕ್ಕಳು ವಾಪಸು ಬಂದರು. ದೊಡ್ಡವರ ಜಗಳದಲ್ಲಿ ಮೊದಲು ಉಪವಾಸ ಬೀಳುವುದು ಮನೆಯ ಹೆಣ್ಣುಮಕ್ಕಳೇ.

ಮಾರನೆಯ ತಿಂಗಳ ಚುನಾವಣೆಯಲ್ಲಿ ಭಾರತದ ಹಳೆಯ ನಾಯಕ ಭಾಯ್‌ಚುಂಗ್ ಭುಟಿಯಾ ನಿಂತು 33–1ರಿಂದ ಸೋತರು. ಮತ ಹಾಕಿದವರು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು ಮಾತ್ರ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಹೊಸ ಸಂವಿಧಾನದಲ್ಲಿ 15 ಮಂದಿ ಹಿರಿಯ ಆಟಗಾರರಿಗೆ ಜಾಗ ಸಿಕ್ಕಿತು, ಅವರಲ್ಲಿ ಕನಿಷ್ಠ ಐವರು ಮಹಿಳೆಯರು. ತರಬೇತುದಾರರಿಗೂ ರೆಫರಿಗಳಿಗೂ ಕ್ಲಬ್ಬುಗಳಿಗೂ ಕುರ್ಚಿ ಬಂತು. ಇದೆಲ್ಲ ಒಳ್ಳೆಯದೇ. ಕಾಸು ಕೊಟ್ಟು ಬಿಸಿಲಿನಲ್ಲಿ ಸಾಲು ನಿಲ್ಲುವವನ ಕುರ್ಚಿ ಮಾತ್ರ ಆ ಸಾಲಿನಲ್ಲಿ ಇಲ್ಲ. ಅವನು ಇನ್ನೂ ಜನರೇಟರಿನ ಪಕ್ಕದಲ್ಲೇ ಇದ್ದಾನೆ.

ಇಷ್ಟು ಕೇಳಿದ ಮೇಲೂ ನನ್ನೊಳಗೆ ಒಂದು ಅಡ್ಡಮಾತು ಏಳದೆ ಇರಲಿಲ್ಲ. ಅಭಿಮಾನ ಎಂಬುದು ಕುರುಡು. ಸೋತರೆ ಬೈಯುವ, ಗೆದ್ದರೆ ರಸ್ತೆ ತುಂಬ ಕುಣಿಯುವ ಜನರ ಕೈಗೆ ಅಧಿಕಾರ ಕೊಡಬಹುದೇ? 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆಂದು ಸೇರಿದ ಜನರ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರಲ್ಲ, ಆ ಸಂಜೆ ಮಗಳು ಫೋನೆತ್ತುವವರೆಗೆ ನಾನು ದೇವರ ಮುಂದೆ ನಿಂತೇ ಇದ್ದೆ. ಅವಳು ಹೋಗಿರಲಿಲ್ಲ. ಹೋಗಿದ್ದವರ ತಾಯಂದಿರೂ ನನ್ನ ಹಾಗೆಯೇ ನಿಂತಿದ್ದರಲ್ಲವೇ? ಆಗ ನಾನು ಜನರಿಗೆ ಬುದ್ಧಿಯಿಲ್ಲ ಎಂದುಬಿಟ್ಟಿದ್ದೆ. ಮಗಳು ಇಂಗ್ಲೆಂಡಿನ ಹಿಲ್ಸ್‌ಬರೊ ಎಂಬ ಮೈದಾನದ ಮಾತು ಹೇಳಿದಳು. 1989ರಲ್ಲಿ ಅಲ್ಲಿ ನೂಕುನುಗ್ಗಲಾಗಿ 97 ಫುಟ್‌ಬಾಲ್ ಅಭಿಮಾನಿಗಳು ಸತ್ತರು. ಪೊಲೀಸರು ಸತ್ತವರದೇ ತಪ್ಪೆಂದರು. ಸತ್ತ ಮಕ್ಕಳ ತಾಯಂದಿರು, ಮನೆಯವರು ಬಿಡಲಿಲ್ಲ. 27 ವರ್ಷ ಹೋರಾಡಿ 2016ರಲ್ಲಿ, ತಪ್ಪು ಅಭಿಮಾನಿಗಳದಲ್ಲ ಎಂದು ನ್ಯಾಯಾಲಯದ ತೀರ್ಪುಗಾರರ ಬಾಯಲ್ಲಿ ಹೇಳಿಸಿದರು. ಜನರನ್ನು ಸಾಗರವೆಂದು ಹೊಗಳುವವರು ಎಷ್ಟು ಬಾಗಿಲು, ಎಷ್ಟು ತಲೆ ಎಂದು ಲೆಕ್ಕ ಹಾಕಿರುವುದಿಲ್ಲ. ಆ ಲೆಕ್ಕ ಕೇಳುವವರೊಬ್ಬರು ಒಳಗೆ ಕೂತಿದ್ದರೆ ಎಷ್ಟೋ ಮನೆಯ ದೀಪ ಉಳಿಯಬಹುದು.

ಹಾಗೆಂದು ಅಭಿಮಾನಿಗಳ ಹೊಣೆ ಏನೂ ಇಲ್ಲವೆಂದಲ್ಲ. ಒಂದು ಸಲ ಮಗಳೊಡನೆ ನಾನೂ ಪಂದ್ಯಕ್ಕೆ ಹೋಗಿದ್ದೆ. ಹಾಡು, ಡೋಲು ಎಲ್ಲ ಸೊಗಸು. ಆದರೆ ನಮ್ಮ ಹಿಂದೆ ಕೂತಿದ್ದ ಯಾರೋ ಎದುರು ತಂಡದವರನ್ನು ಬೈದ ಬೈಗುಳವೆಲ್ಲ ತಾಯಿಯದು, ಅಕ್ಕತಂಗಿಯರದು. ಆಡುವವರು ಗಂಡಸರು, ನೋಡುವವರು ಗಂಡಸರು, ಬೈಸಿಕೊಳ್ಳುವವರು ಮನೆಯಲ್ಲಿ ಅನ್ನ ಬಸಿಯುತ್ತಿರುವ ಹೆಂಗಸರು! ಸಂಸ್ಥೆಯನ್ನು ಸರಿಮಾಡಿ ಎನ್ನುವವರು ಮೊದಲು ತಮ್ಮ ಗ್ಯಾಲರಿಯ ಬಾಯನ್ನು ಸರಿಮಾಡಿಕೊಳ್ಳಬೇಕು. ಅಂಥವನನ್ನು ತಡೆದು ನಿಲ್ಲಿಸುವ ಗುಂಪಿನ ಮಾತಿಗೆ ತೂಕ ಬರುತ್ತದೆ. ಇನ್ನು ಅಧಿಕಾರದ ಮಾತು. ಯಾರನ್ನು ಆಡಿಸಬೇಕು, ಯಾರನ್ನು ಬಿಡಬೇಕೆಂದು ನೋಡುವವರು ಹೇಳುವುದು ಬೇಡ, ಅದು ಬಲ್ಲವರ ಕೆಲಸ. ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಒಪ್ಪಂದ ಮುಗಿಯುವ ಮೊದಲೇ ಯಾಕೆ ಮಾತಾಡಲಿಲ್ಲ, ಹೆಣ್ಣುಮಕ್ಕಳ ತಂಡಕ್ಕೆ ಎಷ್ಟು, ಗ್ಯಾಲರಿಯಲ್ಲಿ ಹೆಂಗಸರಿಗೆ ಬಚ್ಚಲು ಎಲ್ಲಿ ಎಂದು ಕೇಳುವ ಕುರ್ಚಿ ಒಂದಿದ್ದರೆ ಸಾಕು.

ಆ ಹಬ್ಬದ ಮಾರನೆಯ ದಿನ ಮಗಳ ಐದಾರು ಸ್ನೇಹಿತರು ನಮ್ಮ ಮನೆಗೆ ಬಂದರು. ಉಳಿದ ಹೋಳಿಗೆ ತಿನ್ನುತ್ತಾ ಕ್ರೀಡಾ ಇಲಾಖೆಗೂ ಫೆಡರೇಷನ್ನಿಗೂ ಒಂದೊಂದು ಪತ್ರ ಬರೆಯಲು ಕೂತರು. ಇಂಗ್ಲಿಷಿನದು ಬೇಗ ಆಯಿತು. ಕನ್ನಡದ್ದಕ್ಕೆ ನನ್ನನ್ನು ಕರೆದರು. "ನಾವು ಕೇಳಿಕೊಳ್ಳುವುದೇನೆಂದರೆ" ಎಂದು ಶುರು ಮಾಡಿದ್ದರು. ಆ 'ಕೇಳಿಕೊಳ್ಳುವುದು' ಎಂಬಲ್ಲಿ ನನ್ನ ಪೆನ್ನು ನಿಂತಿತು. ಕಾರ್ಯದರ್ಶಿಯ ಮಾತು ನೆನಪಾಯಿತು. ಸಂಗೀತ ಕೇಳುವುದಕ್ಕೂ ಲೆಕ್ಕ ಕೇಳುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ಕೇಳಲು ಬಂದವಳಿಗೆ ಕೇಳುವ ಹಕ್ಕಿಲ್ಲವೆಂದ ಆ ಮನುಷ್ಯನಿಗೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ! ನೋಡುವುದೂ ಹಾಗೆಯೇ. ಮಗುವನ್ನು, ಮುದುಕರನ್ನು, ಮನೆಯನ್ನು ನಾವು ನೋಡಿಕೊಳ್ಳುತ್ತೇವೆ. ಬಹಳ ದಿನ ಅಕ್ಕರೆಯಿಂದ ನೋಡಿದವರೇ ಅಲ್ಲವೇ ಕೊನೆಗೆ ನೋಡಿಕೊಳ್ಳುವವರಾಗುವುದು? "ಕೇಳಿಕೊಳ್ಳುವುದೇನೆಂದರೆ" ಎಂಬುದನ್ನು ಹೊಡೆದು, "ನಾವು ಕೇಳುತ್ತಿರುವುದೇನೆಂದರೆ" ಎಂದು ತಿದ್ದಿಕೊಟ್ಟೆ.

ಪತ್ರಕ್ಕೆ ಉತ್ತರ ಬರಲಿಲ್ಲ. 2026ರ ಜನವರಿಯಲ್ಲಿ, ಲೀಗನ್ನು ಮೊಟಕು ಮಾಡಿ ಫೆಬ್ರುವರಿಯಿಂದ ಆಡಿಸುವುದೆಂದು ಪ್ರಕಟಿಸಿದರು. ಅದು ನಮ್ಮ ಪತ್ರದಿಂದ ಆಯಿತೆನ್ನುವಷ್ಟು ಹುಚ್ಚಿ ನಾನಲ್ಲ. ಆದರೆ ಹಿಂದಿನ ಬೀದಿಯ ಟೀಚರಿಗೂ ಮೊದಲನೆಯ ವರ್ಷ ಉತ್ತರ ಸಿಕ್ಕಿರಲಿಲ್ಲ. ಸುದ್ದಿ ಬಂದ ರಾತ್ರಿ ಮಗಳು ಫೋನು ಮಾಡಿದಳು.

"ಅಮ್ಮ, ಎರಡನೇ ಪತ್ರ ಬರೀತಿದೀವಿ. ಈ ಸಲ ಕನ್ನಡದ್ದು ಮೊದಲಿಂದಲೇ ನೀನು ಬರೆದುಕೊಡ್ತೀಯಾ?"

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಉರಿ ಸಣ್ಣ ಮಾಡಿ, ಕನ್ನಡಕ ಹುಡುಕಿಕೊಂಡೆ.